ಒತ್ತಕ್ಷರಕ್ಕೆ ಜಾಗ ಬಿಡಿ

ಪ್ರಶ್ನೆ: ನಮ್ಮ ತಂದೆಗೆ ಈಗ ಎಂಬತ್ತೆರಡು. ಮೂವತ್ತು ವರ್ಷ ಊರಿನ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರದ ತುಂಡು, ಜೋಡಿಸಿದವರು. ಬಿಡುವಿದ್ದಾಗ ಭಾಮಿನಿ ಷಟ್ಪದಿಯಲ್ಲಿ ಪದ್ಯ ಬರೆಯುತ್ತಿದ್ದರು. ಅವನ್ನೆಲ್ಲ ಸೇರಿಸಿ ನೆಂಟರಿಗೆ, ಸ್ನೇಹಿತರಿಗೆ ಕೊಡಲು ಇನ್ನೂರು ಪ್ರತಿ ಪುಸ್ತಕ ಮಾಡಿಸುತ್ತಿದ್ದೇನೆ. ಡಿಟಿಪಿಯವರು ಕೊಟ್ಟ ಪ್ರೂಫ್ ತೋರಿಸಿದೆ. ಅಪ್ಪ ಎರಡು ಪುಟ ನೋಡಿ ಕನ್ನಡಕ ತೆಗೆದಿಟ್ಟರು. "ಅಕ್ಷರಕ್ಕೆ ಉಸಿರು ಕಟ್ತಿದೆ" ಅಂದರು, ಅಷ್ಟೇ. ಬೇರೆ ಫಾಂಟ್ ಹಾಕಿಸಿದೆ. ಅದೇ ಮಾತು. ಮಗಳು, "ತಾತನಿಗೆ ಹಳೇದರ ಹಂಬಲ, ಓದೋಕೆ ಬಂದ್ರೆ ಸಾಕಲ್ವಾ?" ಅನ್ನುತ್ತಾಳೆ. ನನಗೂ ಈಗ ಅನುಮಾನ. ಅಕ್ಷರದ ಚಂದ ಅನ್ನುವುದು ನಿಜವಾಗಿ ಇದೆಯೋ, ಬರೀ ಅಭ್ಯಾಸವೋ? ಕಂಪ್ಯೂಟರ್ ಬಂದು ಕನ್ನಡದ ಅಕ್ಷರ ಕೆಟ್ಟಿತೋ? ಪ್ರೂಫಿನ ಎರಡು ಪುಟ ಜೊತೆಗಿಟ್ಟಿದ್ದೇನೆ. ಏನು ಮಾಡಲಿ?

ಉತ್ತರ: ನಮಸ್ಕಾರ. ಪುಟ ನೋಡಿದೆ. ನಿಮ್ಮ ತಂದೆಯವರ ಮಾತು ಸರಿ. ಅವರಿಗೆ ಹಳೇದರ ಹಂಬಲ ಇದ್ದರೂ ಇರಬಹುದು. ಮೂವತ್ತು ವರ್ಷ ಕೈಯಾಡಿಸಿದ ಕೆಲಸದ ಮೇಲೆ ಯಾರಿಗೆ ಇರುವುದಿಲ್ಲ? ಆದರೆ ಈ ದೂರು ಅಲ್ಲಿಂದ ಬಂದದ್ದಲ್ಲ. ಇದು ಅಳತೆಯ ದೂರು, ಸ್ಕೇಲ್ ಇಟ್ಟು ತೋರಿಸಬಹುದು.

ನಾನು ಇಟ್ಟೂ ನೋಡಿದೆ. ಅಕ್ಷರ 12 ಪಾಯಿಂಟ್. ಒಂದು ಸಾಲಿನಿಂದ ಮುಂದಿನ ಸಾಲಿಗೆ 14.4 ಪಾಯಿಂಟ್. ಈ 14.4 ಅನ್ನುವುದು ಯಾರೋ ಕೂತು ಯೋಚಿಸಿ ಇಟ್ಟ ಅಂಕಿಯಲ್ಲ. ಪುಟ ಕಟ್ಟುವ ಸಾಫ್ಟ್‌ವೇರ್‌ಗೆ ಸಾಲಿನ ಅಂತರವನ್ನು ನಾವು ಹೇಳದೇ ಹೋದರೆ, ಅದು ಅಕ್ಷರದ ಅಳತೆಯ ಶೇ 120ರಷ್ಟು ತಾನೇ ಇಟ್ಟುಕೊಳ್ಳುತ್ತದೆ. 12ಕ್ಕೆ 14.4. ಪೇಜ್‌ಮೇಕರ್ ಕಾಲದಿಂದಲೂ ಹೀಗೇ. ಇಂಗ್ಲಿಷಿಗೆ ಇದು ಧಾರಾಳ ಸಾಕು. ಅಲ್ಲಿ ಸಾಲಿನ ಕೆಳಗೆ ಇಳಿಯುವುದು ಜಿ, ಪಿ, ವೈ ಥರದ ನಾಲ್ಕೈದು ಸಣ್ಣಕ್ಷರಗಳ ಬಾಲ ಮಾತ್ರ. ನಮ್ಮಲ್ಲಿ ಹಾಗಿಲ್ಲ. ಎರಡು ಮೂರು ಪದಕ್ಕೊಂದು ಒತ್ತಕ್ಷರ ಬಂದೇ ಬರುತ್ತದೆ, ಸಾಲಿನ ಕೆಳಗೆ ಇನ್ನೊಂದು ಪುಟ್ಟ ಮನೆ ಮಾಡಿಕೊಂಡೇ ಕೂರುತ್ತದೆ. 'ರಾಷ್ಟ್ರ', 'ಸ್ತ್ರೀ' ಬಂದರೆ ಒತ್ತಿನ ಜೊತೆಗೆ ಇನ್ನೊಂದು ಒತ್ತು. ಮೇಲುಗಡೆ ಗುಡಿಸು, ಏತ್ವಗಳ ಗದ್ದಲ ಬೇರೆ. ನಿಮ್ಮ ಮೊದಲ ಪುಟದ ಮೂರನೇ ಪದ್ಯ ನೋಡಿ. 'ರಾಷ್ಟ್ರ'ದ ಒತ್ತು ಕೆಳಗಿನ ಸಾಲಿನ 'ನೀತಿ'ಯ ನೆತ್ತಿಗೆ ತಾಗಿದೆ. ಉಸಿರು ಕಟ್ಟಿದೆ ಅನ್ನುವುದಕ್ಕಿಂತ ಒಳ್ಳೆಯ ಮಾತು ನನಗೂ ಹೊಳೆಯುತ್ತಿರಲಿಲ್ಲ.

ನೀವು ಫಾಂಟ್ ಬದಲಿಸಿದಿರಿ. ಅಂತರ ಬದಲಿಸಲಿಲ್ಲ. ಅದಕ್ಕೇ ಅಪ್ಪ ಎರಡನೇ ಸಲವೂ ಅದೇ ಮಾತು ಹೇಳಿದ್ದು.

ಮೊಳೆಯ ಕಾಲದಲ್ಲಿ ಎರಡು ಸಾಲಿನ ನಡುವೆ ಸೀಸದ ತೆಳು ಪಟ್ಟಿ ಇಡುತ್ತಿದ್ದರು. ಅದಕ್ಕೆ ಲೆಡ್ ಅಂತಲೇ ಹೆಸರು. ಸಾಫ್ಟ್‌ವೇರ್‌ನಲ್ಲಿ ಸಾಲಿನ ಅಂತರಕ್ಕೆ ಇರುವ ಪದ ಅಲ್ಲಿಂದಲೇ ಬಂದದ್ದು. ಡಿಟಿಪಿ ಅಂಗಡಿಗಳಲ್ಲಿ ಎಲ್ಲರೂ 'ಲೀಡಿಂಗ್' ಅನ್ನುತ್ತಾರೆ, ನಿಜಕ್ಕೂ ಅದು 'ಲೆಡಿಂಗ್', ಸೀಸದ ಲೆಡ್. ನಿಮ್ಮ ತಂದೆಯವರು ಈ ಪಟ್ಟಿಗಳನ್ನು ಬೆರಳಲ್ಲಿ ಎತ್ತಿ ಇಟ್ಟವರು. ಒಂದು ಪಟ್ಟಿ ಸಾಲದಿದ್ದರೆ ಎರಡು. ಅಂತರ ಅವರಿಗೆ ಕೈಯಲ್ಲಿ ಹಿಡಿಯಬಹುದಾದ ವಸ್ತು. ನಮಗೆ ಅದು ಏನೂ ಇಲ್ಲದ ಬಿಳಿ ಜಾಗ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರೋಣ. ಕಂಪ್ಯೂಟರ್ ಬಂದು ಕನ್ನಡದ ಅಕ್ಷರ ಕೆಟ್ಟಿತು ಅನ್ನುವವರು ಬಹಳ ಜನ. ನಾನು ಒಪ್ಪುವುದಿಲ್ಲ. ಕೆಡುವುದಕ್ಕೆ ಮೊದಲು ಒಂದು 'ಸರಿಯಾದ' ಆಕಾರ ಇರಬೇಕಲ್ಲ? ಅದು ಎಂದೂ ಇರಲಿಲ್ಲ. ಹಲ್ಮಿಡಿ ಶಾಸನ 5ನೇ ಶತಮಾನದ್ದು. ಅದರ ಮುಂದೆ ನಿಂತರೆ ಭಾಷೆ ಹಾಗಿರಲಿ, ಯಾವುದು ಕ, ಯಾವುದು ತ ಅನ್ನುವುದೂ ನಮಗೆ ಗೊತ್ತಾಗುವುದಿಲ್ಲ. ನಮ್ಮ ಅಕ್ಷರ ಗುಂಡಗಾದದ್ದು ತಾಳೆಗರಿಯಿಂದ ಅಂತ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಕಬ್ಬಿಣದ ಕಂಠದಲ್ಲಿ ನೇರ ಗೆರೆ ಎಳೆದರೆ ಗರಿ ನಾರಿನ ಗುಂಟ ಸೀಳುತ್ತದೆ, ಅದಕ್ಕೆ ಸುತ್ತಿ ಬರೆದರು ಅಂತ. ಕಾರಣ ಚೆನ್ನಾಗಿದೆ. ಆದರೆ ಹೊಯ್ಸಳರ ಕಾಲದ ಕಲ್ಲಿನ ಶಾಸನಗಳಲ್ಲೂ ಅಕ್ಷರ ಉದ್ದಿನ ವಡೆಯ ಹಾಗೆ ಗುಂಡಗೇ ಇದೆ. ಕಲ್ಲು ಸೀಳುತ್ತಿತ್ತಾ? ಕೆತ್ತುವವನ ಕಣ್ಣಿಗೆ ಅದೇ ಚಂದ ಕಂಡಿತು ಅಂತಲೂ ಹೇಳಬೇಕಾಗುತ್ತದೆ. ಉಪಕರಣ ಸ್ವಲ್ಪ ದಾರಿ ತೋರಿಸುತ್ತದೆ, ಕಣ್ಣು ಸ್ವಲ್ಪ ಎಳೆದುಕೊಂಡು ಹೋಗುತ್ತದೆ.

ಆ ಕಂಠ ಗರಿಯ ಮೇಲೆ ಸದ್ದು ಮಾಡುತ್ತಿತ್ತು. ಕುಮಾರವ್ಯಾಸ ತನ್ನ ಹೆಗ್ಗಳಿಕೆ ಹೇಳಿಕೊಳ್ಳುವಾಗ, ಬರೆಯುವಾಗ ಕಂಠಪತ್ರದ ಸದ್ದು ನಿಲ್ಲದ್ದನ್ನೂ ಒಂದು ಹೆಗ್ಗಳಿಕೆಯಾಗಿ ಎಣಿಸುತ್ತಾನೆ. ಅಳಿಸಿ ತಿದ್ದುವ ಮಾತೇ ಇಲ್ಲ. ನಿಮ್ಮ ತಂದೆ ಬರೆದದ್ದೂ ಅದೇ ಭಾಮಿನಿಯಲ್ಲಿ, ಹಾಗಾಗಿ ನೆನಪಾಯಿತು.

ಅಚ್ಚಿನ ಕಥೆಯಲ್ಲೂ ಆಕಾರ ಬದಲಾಗುತ್ತಲೇ ಬಂತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ದೂರದ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು. ಆದರೆ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದಾಗ ಅದರಲ್ಲಿ ಮೊಳೆ ಇರಲಿಲ್ಲ. ಹರ್ಮನ್ ಮೋಗ್ಲಿಂಗ್ ಅದನ್ನು ತಂದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚು ಅಂದರೆ ಕೈಯಲ್ಲಿ ಬರೆದದ್ದೇ ಕಲ್ಲಿನ ಮೇಲೆ ಇಳಿದು, ಅದರಿಂದ ಪ್ರತಿಗಳು ಬರುವುದು. ಅಂದರೆ ನಮ್ಮ ಮೊದಲ ಪತ್ರಿಕೆ ಯಾರೋ ಒಬ್ಬರ ಕೈಬರಹ. ನನಗೆ ಇದು ಯಾವಾಗ ನೆನೆದರೂ ಖುಷಿ ಕೊಡುವ ಸಂಗತಿ. ಅದೇ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸು 1894ರ ಹೊತ್ತಿಗೆ ಕಿಟೆಲ್ ಅವರ ದಪ್ಪ ನಿಘಂಟನ್ನು ಅಚ್ಚು ಹಾಕುವಷ್ಟು ಬೆಳೆದಿತ್ತು.

ಮೊಳೆ ಬಂದ ಮೇಲೆ ಒತ್ತಕ್ಷರಕ್ಕೆ ಹೊಸ ಪಾಡು ಶುರುವಾಯಿತು. ಕೈಯಲ್ಲಿ ಬರೆಯುವಾಗ ಒತ್ತನ್ನು ಅಕ್ಷರದ ಹೊಟ್ಟೆಯ ಕೆಳಗೇ ತೂರಿಸಬಹುದು. ಸೀಸದ ತುಂಡಿನೊಳಗೆ ಇನ್ನೊಂದು ಸೀಸದ ತುಂಡು ತೂರುವುದಿಲ್ಲ. ಹಳೆಯ ಅಚ್ಚಿನ ಪುಸ್ತಕ ತೆಗೆದು ನೋಡಿ, ಎಷ್ಟೋ ಕಡೆ ಒತ್ತು ತನ್ನ ಅಕ್ಷರದಿಂದ ಬಲಕ್ಕೆ ಸರಿದು, ಬಸ್ಸಿನಲ್ಲಿ ಸೀಟಿನ ತುದಿಗೆ ಕೂತವರ ಹಾಗೆ ಇರುತ್ತದೆ. ನಾವು ಇವತ್ತು 'ಹಳೇ ಪುಸ್ತಕದ ಚಂದ' ಅನ್ನುವುದರಲ್ಲಿ ಈ ಸರಿದು ಕೂರುವುದೂ ಸೇರಿದೆ. ತಾಳೆಗರಿಯಲ್ಲಿ ಬರೆಯುತ್ತಿದ್ದ ಅಜ್ಜ ಅದನ್ನು ನೋಡಿದ್ದರೆ ಅವನೂ ಕನ್ನಡಕ ತೆಗೆದಿಡುತ್ತಿದ್ದನೇನೋ, ಕನ್ನಡಕ ಇದ್ದಿದ್ದರೆ.

ಹಾಗಾಗಿ ನಿಮ್ಮ ಮಗಳ ಮಾತಿನಲ್ಲಿ ಅರ್ಧ ನಿಜ ಇದೆ. ಅಕ್ಷರದ ಆಕಾರ ಚಂದವೋ ಅಲ್ಲವೋ ಅನ್ನುವುದು ಬಹುಮಟ್ಟಿಗೆ ಅಭ್ಯಾಸ. ಚಿಕ್ಕಂದಿನಲ್ಲಿ ಯಾವ ಅಕ್ಷರದಲ್ಲಿ ಓದಿದೆವೋ ಅದೇ ನಮಗೆ 'ಕನ್ನಡ'. ನನಗೆ ಪಠ್ಯಪುಸ್ತಕದ ಅಕ್ಷರ, ಅವಳಿಗೆ ಫೋನಿನ ಅಕ್ಷರ. ಇದರಲ್ಲಿ ಜಗಳ ಬೇಡ. ಆದರೆ ಅಂತರ ಅಭ್ಯಾಸದ ವಿಷಯವಲ್ಲ. ಒಂದು ಸಾಲು ಮುಗಿಸಿದ ಕಣ್ಣು ಹಿಂದೆ ಬಂದು ಮುಂದಿನ ಸಾಲಿನ ತುದಿ ಹಿಡಿಯಬೇಕು. ಎರಡು ಸಾಲು ಹೆಣೆದುಕೊಂಡಿದ್ದರೆ ಅದು ತಡವರಿಸುತ್ತದೆ. ಫೋನಿನಲ್ಲಿ ಎರಡು ಸಾಲಿನ ಮೆಸೇಜಿಗೆ ಇದು ಗೊತ್ತಾಗುವುದಿಲ್ಲ. ಅರವತ್ತು ಪುಟದ ಷಟ್ಪದಿಗೆ ಗೊತ್ತಾಗುತ್ತದೆ. ಮಗಳಿಗೂ ಆಗುತ್ತದೆ. ಅವಳು "ಬೋರಾಯ್ತು" ಅಂತ ಪುಸ್ತಕ ಕೆಳಗಿಡುತ್ತಾಳೆ, ತಪ್ಪು ಪದ್ಯದ ಮೇಲೆ ಬೀಳುತ್ತದೆ.

ಇನ್ನೊಂದು ಸಂಗತಿ. ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಹಾಗೆ ತಿರುಗಿದ ಅಕ್ಷರವನ್ನು ಮೂವತ್ತು ವರ್ಷ ನೋಡಿದವರ ಕಣ್ಣೇ ಬೇರೆ. ನೀವು, ನಾನು ಅಕ್ಷರವನ್ನು ನೋಡುವುದೇ ಇಲ್ಲ, ಓದಿಬಿಡುತ್ತೇವೆ. ಅವರಿಗೆ ಓದು ಆಮೇಲೆ, ಮೊದಲು ಆಕಾರ. ಆ ಪುಟದಲ್ಲಿ ಅವರು ಪದ್ಯ ಓದುವ ಮೊದಲೇ ಇಕ್ಕಟ್ಟು ಕಂಡಿರಬೇಕು.

ಕಂಪ್ಯೂಟರಿನಿಂದ ನಿಜವಾಗಿ ಬದಲಾದದ್ದು ಏನು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಬೆರಳು ಆಕಾರವನ್ನು ಬಿಟ್ಟಿತು. ಮೊಳೆ ಜೋಡಿಸುವವರ ಮುಂದೆ ನೂರಾರು ಮನೆಗಳ ಕೇಸು ಇರುತ್ತಿತ್ತು. ಅಕ್ಷರ ಒಂದು ಮನೆಯಿಂದ, ಒತ್ತು ಇನ್ನೊಂದರಿಂದ. ಟೈಪ್‌ರೈಟರ್‌ನಲ್ಲೂ ಹಾಗೇ, ಆಕಾರದ ತುಂಡುಗಳನ್ನು ಒಂದೊಂದಾಗಿ ಕುಟ್ಟಿ ಕೂಡಿಸುವುದು. ಆಮೇಲೆ ಕೆ. ಪಿ. ರಾವ್ ಅವರ ಕೀಲಿಮಣೆ ಬಂತು. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡ. ನಾವು ಉಚ್ಚಾರದ ಕ್ರಮದಲ್ಲಿ ಕೀಲಿ ಒತ್ತುತ್ತೇವೆ, ಒತ್ತು ಎಲ್ಲಿ ಕೂರಬೇಕು, ಹೇಗೆ ಕೂರಬೇಕು ಅನ್ನುವುದನ್ನು ಯಂತ್ರ ನೋಡಿಕೊಳ್ಳುತ್ತದೆ. ಸರ್ಕಾರ ಅದನ್ನೇ ಕರ್ನಾಟಕದ ಪ್ರಮಾಣಿತ ವಿನ್ಯಾಸ ಅಂತ ಒಪ್ಪಿತು, ನುಡಿ ತಂತ್ರಾಂಶದಲ್ಲಿ ಇರುವುದೂ ಅದೇ. ಈ ಉತ್ತರ ಟೈಪ್ ಮಾಡುತ್ತಿರುವುದೂ ಅದರಲ್ಲೇ. ಇದು ಸಣ್ಣ ಉಪಕಾರವಲ್ಲ. ಕನ್ನಡ ಬರೆಯಲು ಬಂದರೆ ಸಾಕು, ಟೈಪಿಂಗ್ ಬರುತ್ತದೆ ಅನ್ನುವಂತಾಯಿತು. ಆದರೆ ಜೊತೆಗೆ ಒಂದು ಕೆಲಸ ಖಾಲಿ ಬಿತ್ತು. ಆಕಾರವನ್ನು ನೋಡಿ, ಇಲ್ಲಿ ತಾಗುತ್ತಿದೆ, ಇಲ್ಲಿ ಇನ್ನೊಂದು ಪಟ್ಟಿ ಬೇಕು ಅನ್ನುವ ಕೆಲಸ. ಆ ಕುರ್ಚಿಯಲ್ಲಿ ಈಗ ಶೇ 120 ಕೂತಿದೆ.

ಯಾರೂ ನೋಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನನ್ನದೇ ಒಂದು ಅವಮಾನದ ಕಥೆ ಇದೆ. ಅದನ್ನು ಹೇಳುವ ಮೊದಲು ಯೂನಿಕೋಡ್ ಬಗ್ಗೆ ನಾಲ್ಕು ಮಾತು ಬೇಕು.

ಮೊದಮೊದಲು ಒಂದೊಂದು ಕನ್ನಡ ತಂತ್ರಾಂಶಕ್ಕೂ ಒಂದೊಂದು ಗುಪ್ತಲಿಪಿ ಇದ್ದ ಹಾಗಿತ್ತು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ತಲೆಯ ಮೇಲೆ ಟೋಪಿ, ಚುಕ್ಕಿ ಇಟ್ಟುಕೊಂಡ ವಿದೇಶಿ ಅಕ್ಷರಗಳು ಸಾಲಾಗಿ ನಿಂತಿರುತ್ತಿದ್ದವು. ನಿಮ್ಮ ಡಿಟಿಪಿಯವರ ಕಡತವೂ ಅದೇ ಜಾತಿಯದು ಅಂತ ಪ್ರೂಫ್ ನೋಡಿದರೆ ಅನ್ನಿಸುತ್ತದೆ. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಅನ್ನುವ ಫಾಂಟ್ ಬಂತು, ನಿಧಾನಕ್ಕೆ ಫೋನುಗಳಲ್ಲೂ ಡಬ್ಬಿ ಡಬ್ಬಿ ಕಾಣುವುದು ನಿಂತು ಕನ್ನಡ ಕಂಡಿತು.

ಯೂನಿಕೋಡ್‌ನ ಒಳಗೆ ಒಂದು ತತ್ವ ಇದೆ, ನಿಮ್ಮ ಪ್ರಶ್ನೆಗೂ ಅದಕ್ಕೂ ನಂಟಿದೆ. ಅದರ ಪ್ರಕಾರ ಅಕ್ಷರ ಬೇರೆ, ಆಕಾರ ಬೇರೆ. 'ಕ' ಅನ್ನುವುದು ಒಂದು ಸಂಖ್ಯೆ, ಒಂದು ಕಲ್ಪನೆ. ಅದಕ್ಕೆ ಮೈ ಕೊಡುವುದು ಫಾಂಟು. 'ಕ್ಷ'ಕ್ಕೆ ಬೇರೆ ಸಂಖ್ಯೆಯೇ ಇಲ್ಲ. ಕ, ಅರ್ಧಾಕ್ಷರದ ಚಿಹ್ನೆ, ಷ, ಈ ಮೂರು ಸೇರಿದರೆ ಕ್ಷ. 'ಸ್ತ್ರೀ' ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಆರು. ಎಸ್‌ಎಂಎಸ್ ಕಾಲದಲ್ಲಿ ಇದರ ಬಿಸಿ ಜೇಬಿಗೂ ತಟ್ಟುತ್ತಿತ್ತು. ಇಂಗ್ಲಿಷಿನಲ್ಲಾದರೆ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ, ಕನ್ನಡದಲ್ಲಾದರೆ 70. ಅದರಲ್ಲಿ ಒಂದು 'ಸ್ತ್ರೀ'ಗೇ ಆರು ಹೋಯಿತು.

ತುಂಡುಗಳನ್ನು ಕೂಡಿಸುವ ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದು 2018ರ ಫೆಬ್ರವರಿಯಲ್ಲಿ ಇಡೀ ಜಗತ್ತಿಗೆ ಗೊತ್ತಾಯಿತು. ತೆಲುಗಿನ 'ಜ್ಞಾ', ನಮ್ಮ ಜ್ಞಾನದ ಅದೇ 'ಜ್ಞಾ', ಮೆಸೇಜಿನಲ್ಲಿ ಬಂದರೆ ಸಾಕು, ಐಫೋನಿನ ಆ ಆ್ಯಪ್ ಕುಸಿದು ಬೀಳುತ್ತಿತ್ತು. ತಂತ್ರಾಂಶ ತಿದ್ದಿ ಹೊಸದು ಕಳಿಸಬೇಕಾಯಿತು. ತೆಲುಗು ಗೆಳೆಯರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಆ ಜ್ಞಾದೊಳಗೆ ಕಣ್ಣಿಗೆ ಕಾಣದ ಒಂದು ಚಿಹ್ನೆಯೂ ಅಡಗಿತ್ತು. ಎರಡು ಅಕ್ಷರ ಕೂಡಬೇಕಾದ ಜಾಗದಲ್ಲಿ 'ಕೂಡಬೇಡಿ' ಅನ್ನುವ ಚಿಹ್ನೆ. ಅಚ್ಚಿನಲ್ಲಿ ಅದು ಬರುವುದಿಲ್ಲ, ಜಾಗ ತಿನ್ನುವುದಿಲ್ಲ. ಕನ್ನಡಕ್ಕೂ ಅದು ದಿನಾ ಬೇಕು. ಅದು ಇದ್ದರೆ ರಾಜ್‌ಕುಮಾರ್. ಇಲ್ಲದಿದ್ದರೆ ರಾಜ್ಕುಮಾರ್. ಇದ್ದರೆ ಸಾಫ್ಟ್‌ವೇರ್, ಇಲ್ಲದಿದ್ದರೆ ಸಾಫ್ಟ್ವೇರ್. ಇದರ ಅಣ್ಣನಂಥ ಇನ್ನೊಂದು ಚಿಹ್ನೆ ಇದೆ, 'ರ್ಯಾಂಕ್' ಅಂತ ಅರ್ಕಾವೊತ್ತು ಬರುವುದನ್ನು ತಪ್ಪಿಸಿ 'ರ‍್ಯಾಂಕ್' ಮಾಡುವುದು ಅದು.

ಈಗ ನನ್ನ ಕಥೆ. ಕೆಲವು ವರ್ಷದ ಹಿಂದೆ ಒಂದು ಸ್ಮರಣ ಸಂಚಿಕೆಯ ಪುಟ ಕಟ್ಟಿಕೊಟ್ಟೆ. ಲೇಖನಗಳೆಲ್ಲ ಹಳೇ ಫಾಂಟಿನಲ್ಲಿದ್ದವು. ಯೂನಿಕೋಡ್‌ಗೆ ಪರಿವರ್ತಿಸುವಾಗ ಆ ಕಾಣದ ಚಿಹ್ನೆಗಳೆಲ್ಲ ಉದುರಿಹೋದವು. ನಲವತ್ತು ಪುಟದ ಉದ್ದಕ್ಕೂ ಅಣ್ಣಾವ್ರ ಹೆಸರು ಒತ್ತಕ್ಷರ ಹೊತ್ತು ನಿಂತಿತು. ನಾನು ಮೂರು ಸಲ ಪ್ರೂಫ್ ನೋಡಿದ್ದೆ. ನೋಡಿದ್ದೆ ಅನ್ನುವುದು ಸುಳ್ಳು, ಓದಿದ್ದೆ. ಹೆಸರು ಎಷ್ಟು ಪರಿಚಿತ ಅಂದರೆ ಕಣ್ಣು ಅದರ ಮೇಲೆ ನಿಲ್ಲಲೇ ಇಲ್ಲ. ಸಮಾರಂಭದ ದಿನ ಒಬ್ಬ ಹಿರಿಯರು ಪುಟ ತಿರುವಿ, "ಏನಪ್ಪಾ, ಇದು ಯಾರು?" ಅಂದರು. ನಿಮ್ಮ ತಂದೆಯಂಥವರು ಆ ಪ್ರೂಫ್ ನೋಡಿದ್ದರೆ ಮೊದಲ ಪುಟದಲ್ಲೇ ಸಿಕ್ಕಿಬೀಳುತ್ತಿತ್ತು.

ತಪ್ಪಿನ ಮಾತು ಬಂತಲ್ಲ, ಯೂನಿಕೋಡ್‌ನದೇ ಒಂದು ತಮಾಷೆ ಕೇಳಿ. ಹಳಗನ್ನಡದಲ್ಲಿ 'ೞ' ಅಂತ ಒಂದು ಅಕ್ಷರ ಇತ್ತು. ಇವತ್ತಿನ 'ಏಳು' ಆಗ 'ಏೞು'. ಆ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ಕೊಟ್ಟ ಹೆಸರು 'ಫಾ'! ತಪ್ಪು ಅಂತ ಆಮೇಲೆ ಎಲ್ಲರಿಗೂ ಗೊತ್ತಾಯಿತು. ಆದರೆ ಒಮ್ಮೆ ಇಟ್ಟ ಹೆಸರು ಬದಲಿಸಬಾರದು ಅನ್ನುವುದು ಅಲ್ಲಿನ ನಿಯಮ. ಪಕ್ಕದಲ್ಲಿ ಸರಿಯಾದ ಅಡ್ಡಹೆಸರು ಬರೆದು ಸುಮ್ಮನಾದರು. ಅಕ್ಷರ ಅಂದರೆ ಅಳಿಯದ್ದು ಅಂತ ಅರ್ಥ ಹೇಳುತ್ತೇವಲ್ಲ, ಅಕ್ಷರದ ತಪ್ಪಿಗೂ ಅದು ಸಲ್ಲುತ್ತದೆ ಅಂತ ಕಾಣುತ್ತದೆ. ಹಾಗಂತ ಬೈಯುವುದು ಬೇಡ. ಹಳೆಯ ಬರಹಗಳಲ್ಲಿ ಮಾತ್ರ ಸಿಗುವ ನಕಾರಪೊಲ್ಲಿಗೂ (ಸ್ವರವಿಲ್ಲದ 'ನ್'ನ ಹಳೇ ರೂಪ) 2021ರಲ್ಲಿ ಅವರೇ ಒಂದು ಜಾಗ ಕೊಟ್ಟಿದ್ದಾರೆ. ಯಾರೋ ಹಳೇ ಪುಟ ನೋಡಿ, ಇದು ಬಿಟ್ಟುಹೋಗಿದೆ ಅಂತ ಬರೆದು ಕಳಿಸಿದ್ದಕ್ಕೆ ತಾನೇ ಅದು ಬಂದದ್ದು?

ಯಂತ್ರಕ್ಕಾಗಿ ಅಕ್ಷರವನ್ನೇ ಬಗ್ಗಿಸಿದ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಕೇರಳ ಸರ್ಕಾರ 1971ರಲ್ಲಿ ಟೈಪ್‌ರೈಟರಿಗೂ ಅಚ್ಚಿಗೂ ಅನುಕೂಲವಾಗಲಿ ಅಂತ ಮಲಯಾಳದ ಕೂಡಕ್ಷರಗಳನ್ನು ಬಿಡಿಸಿ ಹೊಸ ಲಿಪಿ ತಂದಿತು. ಆಮೇಲೆ ಕಂಪ್ಯೂಟರ್ ಬಂತು. ಅದಕ್ಕೆ ಕೂಡಕ್ಷರ ಎಷ್ಟಿದ್ದರೂ ಭಾರವಿಲ್ಲ. 'ರಚನಾ' ಅನ್ನುವ ಫಾಂಟ್ ಮಾಡಿ ಕೆಲವರು ಹಳೇ ಲಿಪಿಯನ್ನು ವಾಪಸ್ ಕರೆತಂದರು. 2022ರಲ್ಲಿ ಸರ್ಕಾರವೂ ಹಳೆಯ ರೂಪಗಳನ್ನು ಸ್ವಲ್ಪ ಮಟ್ಟಿಗೆ ಮತ್ತೆ ಒಪ್ಪಿಕೊಂಡಿತು. ಕನ್ನಡದಲ್ಲೂ ಒತ್ತನ್ನು ಬಿಟ್ಟುಬಿಡೋಣ, ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆಯೋಣ ಅನ್ನುವ ಲಿಪಿ ಸುಧಾರಣೆಯ ಮಾತು ಬಂದಿತ್ತು. ಪುಣ್ಯಕ್ಕೆ ನಿಲ್ಲಲಿಲ್ಲ. ಅಕ್ಷರ ಕೆಟ್ಟದ್ದು ಕಂಪ್ಯೂಟರಿನಿಂದ ಅಂತ ನಾನು ಒಪ್ಪದೇ ಇರುವುದಕ್ಕೆ ಇದೂ ಒಂದು ಕಾರಣ. ಸೀಸಕ್ಕೆ ಆಗದ ಕೆಲಸ ಇದಕ್ಕೆ ಆಗುತ್ತದೆ. ಹೇಳುವವರು ಬೇಕು, ಅಷ್ಟೇ.

ಹೇಳಬೇಕಾದ್ದು ಏನು? ಡಿಟಿಪಿಯವರಿಗೆ ಮೊದಲು ಹೇಳಿ: 12 ಪಾಯಿಂಟಿಗೆ ಸಾಲಿನ ಅಂತರ 18ರಿಂದ 20ರೊಳಗೆ ಇಡಿ ಅಂತ. ನನ್ನ ಕೈಯಲ್ಲಿದ್ದರೆ 19 ಇಡುತ್ತೇನೆ. ಫಾಂಟಿನಿಂದ ಫಾಂಟಿಗೆ ಸ್ವಲ್ಪ ಹೆಚ್ಚುಕಡಿಮೆ, ಯಾಕೆಂದರೆ ಒಂದೇ 12 ಪಾಯಿಂಟಿನಲ್ಲಿ ಒಂದು ಫಾಂಟ್ ದಪ್ಪಗೆ ಕಾಣುತ್ತದೆ, ಇನ್ನೊಂದು ಸಣ್ಣಗೆ. ಪುಟ ಜಾಸ್ತಿಯಾಗುತ್ತದೆ ಅಂತ ಅವರು ಗೊಣಗಬಹುದು. ಆಗಲಿ. ಇನ್ನೂರು ಪ್ರತಿಗೆ ನಾಲ್ಕಾರು ಹಾಳೆ ಹೆಚ್ಚು ಹೋದರೆ ಯಾರ ಮನೆಯೂ ಮುಳುಗುವುದಿಲ್ಲ.

ಜಾಗ ಉಳಿಸಲು ಅಕ್ಷರವನ್ನು ಅಡ್ಡಕ್ಕೆ ಹಿಸುಕುವ ಒಂದು ಕೆಟ್ಟ ಅಭ್ಯಾಸ ಇದೆ. ನಿಮ್ಮ ಎರಡನೇ ಪುಟದಲ್ಲಿ ಮಾಡಿದ್ದಾರೆ, ತಲೆಕಟ್ಟು ದಪ್ಪ, ಬದಿಯ ಗೆರೆ ತೆಳು ಕಾಣುತ್ತಿದೆ ನೋಡಿ. ಅದು ಬೇಡ. ಶೀರ್ಷಿಕೆಗೆ ಓರೆ ಅಕ್ಷರವೂ ಬೇಡ. ಓರೆ ಬರೆಯುವುದು ರೋಮನ್ ಲಿಪಿಯ ಪದ್ಧತಿ, ಅಲ್ಲಿ ಅದಕ್ಕೆ ಬೇರೆಯೇ ಅಕ್ಷರ ಕೆತ್ತಿರುತ್ತಾರೆ. ನಮ್ಮದನ್ನು ಸುಮ್ನೆ ಒಂದು ಕಡೆ ವಾಲಿಸುತ್ತಾರೆ, ಗಾಳಿಗೆ ಬಿದ್ದ ಬಾಳೆಗಿಡದ ಹಾಗೆ. ಅಕ್ಷರಗಳ ನಡುವಿನ ಅಂತರವನ್ನೂ ಮುಟ್ಟದಿರಲಿ. ಹಿಗ್ಗಿಸಿದರೆ ಕೊಂಬು ಒಂದು ಕಡೆ, ಅಕ್ಷರ ಒಂದು ಕಡೆ ಆಗುವುದುಂಟು.

ಸಾಧ್ಯವಾದರೆ ಇಡೀ ಪುಸ್ತಕವನ್ನು ಯೂನಿಕೋಡ್‌ನಲ್ಲೇ ಮಾಡಿಸಿ. ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, ನವಿಲು, ಎಲ್ಲ ಪುಕ್ಕಟೆ ಸಿಗುತ್ತವೆ. ಮೂರರಲ್ಲೂ ಒಂದೊಂದು ಪುಟ ತೆಗೆಸಿ ನೋಡಿ. ಡಿಟಿಪಿಯವರು "ಯೂನಿಕೋಡ್ ಹಾಕಿದ್ರೆ ಒತ್ತೆಲ್ಲ ಬಿಟ್ಕೊಳ್ಳುತ್ತೆ ಸಾರ್" ಅಂದರೆ ನಂಬಬೇಡಿ. ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ 'ವರ್ಲ್ಡ್ ರೆಡಿ ಕಂಪೋಸರ್' ಅಂತ ಒಂದು ಆಯ್ಕೆ ಇದೆ, ಅದನ್ನು ಹಾಕಿದರೆ ಕೂಡಿಕೊಳ್ಳುತ್ತದೆ. ಹಳೇ ಕಡತ ಪರಿವರ್ತಿಸಿದರೆ, ನನ್ನ ಕಥೆ ನೆನಪಿದೆಯಲ್ಲ, ವ್ಯಂಜನದಲ್ಲಿ ಮುಗಿದು ಇನ್ನೊಂದು ಪದಕ್ಕೆ ಅಂಟುವ ಹೆಸರುಗಳನ್ನೆಲ್ಲ ಒಂದೊಂದಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಆ ಯೂನಿಕೋಡ್ ಕಡತವನ್ನು ಮಗಳ ಫೋನಿಗೂ ಹಾಕಿಕೊಡಿ. ತಾತನ ಯಾವ ಪದ್ಯದಲ್ಲಿ ಯಾವ ಊರಿನ ಹೆಸರಿದೆ ಅಂತ ಅವಳು ಎರಡು ಸೆಕೆಂಡಿನಲ್ಲಿ ಹುಡುಕುತ್ತಾಳೆ. ಹಳೇ ಫಾಂಟಿನ ಕಡತದಲ್ಲಿ ಅದು ಆಗುವುದಿಲ್ಲ.

ಕೊನೆಗೆ ಪದ್ಯದ ವಿಷಯ. ಸಾಲಿನ ಅಂತರದಷ್ಟೇ ನನ್ನನ್ನು ಕಾಡಿದ್ದು ಇದು. ನಿಮ್ಮ ಡಿಟಿಪಿಯವರು ಪದ್ಯಗಳನ್ನೆಲ್ಲ ಪುಟದ ನಡುವಿಗೆ ಜೋಡಿಸಿ, ಸುತ್ತ ಹೂಬಳ್ಳಿಯ ಚೌಕಟ್ಟು ಹಾಕಿದ್ದಾರೆ. ಮದುವೆ ಕರೆಯೋಲೆಯ ಅಭ್ಯಾಸ. ಪ್ರೀತಿಯಿಂದಲೇ ಮಾಡಿದ್ದಾರೆ, ಬಿಡಿ. ಆದರೆ ಭಾಮಿನಿ ಷಟ್ಪದಿಯ ಲೆಕ್ಕ ಬೇರೆ. ಒಂದು, ಎರಡು, ನಾಲ್ಕು, ಐದನೇ ಸಾಲುಗಳಿಗೆ 14 ಮಾತ್ರೆ. ಮೂರು ಮತ್ತು ಆರನೇ ಸಾಲಿಗೆ 23. ಎರಡು ಚಿಕ್ಕ ಸಾಲು, ಒಂದು ಉದ್ದ, ಮತ್ತೆ ಎರಡು ಚಿಕ್ಕ, ಒಂದು ಉದ್ದ. ಈ ಏರಿಳಿತ ಪುಟದ ಬಲಗಡೆ ಕಣ್ಣಿಗೆ ಕಾಣಬೇಕು. ಚೌಕಟ್ಟಿನಿಂದ ಜಾಗ ಸಾಲದೆ ನಿಮ್ಮ ಪ್ರೂಫಿನಲ್ಲಿ ಆರನೇ ಸಾಲುಗಳು ಮುರಿದು ಏಳಾಗಿವೆ. ಷಟ್ಪದಿಗೆ ಏಳನೇ ಪಾದ ಬಂದರೆ ಯಾವ ಕವಿ ಸಹಿಸುತ್ತಾನೆ? ಚೌಕಟ್ಟು ತೆಗೆಸಿ. 1/8 ಡೆಮಿ, ಅಂದರೆ ಮಾಮೂಲಿ ಪುಸ್ತಕದ ಅಳತೆಯ ಪುಟದಲ್ಲಿ 12 ಪಾಯಿಂಟ್ ಹಾಕಿದರೂ ಉದ್ದದ ಸಾಲು ಆರಾಮಾಗಿ ಹಿಡಿಯುತ್ತದೆ. ಮೊದಲು ಇಡೀ ಪುಸ್ತಕದ ಅತಿ ಉದ್ದದ ಸಾಲು ಹುಡುಕಿ, ಅದು ಒಂದೇ ಸಾಲಾಗಿ ಕೂರುವಂತೆ ಅಂಚು ಇಡಲಿ.

ಇನ್ನೂ ಮುಖ್ಯ ಎಡಗಡೆ. ಷಟ್ಪದಿಯಲ್ಲಿ ಆದಿಪ್ರಾಸ ಇರುತ್ತದೆ, ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನ. ಒಂದು ಸಾಲು 'ಮನೆ' ಅಂತ ಶುರುವಾದರೆ ಮುಂದಿನದು 'ದಿನ', ಅದರ ಮುಂದಿನದು 'ಕನಸು' ಅನ್ನುವ ಹಾಗೆ. ಎಡ ಅಂಚು ನೇರವಾಗಿದ್ದರೆ ಆ ಆರು 'ನ'ಗಳು ಒಂದರ ಕೆಳಗೊಂದು, ಹೆಚ್ಚುಕಡಿಮೆ ಕಂಬದ ಹಾಗೆ ನಿಲ್ಲುತ್ತವೆ. ಕಿವಿಗೆ ಕೇಳುವ ಮೊದಲೇ ಪ್ರಾಸ ಕಣ್ಣಿಗೆ ಕಾಣುತ್ತದೆ. ನಡುವಿಗೆ ಜೋಡಿಸಿದರೆ ಉದ್ದದ ಸಾಲು ಎಡಕ್ಕೆ ಹೋಗಿ, ಚಿಕ್ಕದು ಬಲಕ್ಕೆ ಸರಿದು, ಆ ಕಂಬ ಚೆಲ್ಲಾಪಿಲ್ಲಿ. ಕವಿ ಕಷ್ಟಪಟ್ಟು ಹುಡುಕಿ ತಂದ ಅಕ್ಷರ ಎಲ್ಲಿದೆ ಅಂತ ಓದುಗರು ಹುಡುಕಬೇಕು. ಉಸಿರು ಕಟ್ಟಿದೆ ಅಂತ ನಿಮ್ಮ ತಂದೆ ಹೇಳಿದ್ದರಲ್ಲಿ ಇದೂ ಸೇರಿದೆಯೋ ಏನೋ, ಕೇಳಿ ನೋಡಿ. ತಮ್ಮ ಪದ್ಯದ ಪರವಾಗಿ ತಾವೇ ಮಾತಾಡಲು ಸಂಕೋಚ ಪಟ್ಟಿರಬಹುದು.

ಒಂದು ಕೆಲಸ ಮಾಡಿ. ಅದೇ ಪದ್ಯಗಳ ಎರಡು ಪುಟ ಹೊಸದಾಗಿ ತೆಗೆಸಿ, ಅಂತರ 19, ಎಡ ಅಂಚು ನೇರ, ಚೌಕಟ್ಟಿಲ್ಲ. ಫೋನಿನಲ್ಲಿ ತೋರಿಸಬೇಡಿ. ಪುಸ್ತಕಕ್ಕೆ ಹಾಕುವ ಮ್ಯಾಪ್‌ಲಿಥೋ ಕಾಗದದ ಮೇಲೇ ಪ್ರಿಂಟ್ ತೆಗೆಸಿ, ಅದೇ ಅಳತೆಗೆ ಕತ್ತರಿಸಿ. ಏನು ಬದಲಿಸಿದ್ದೀರಿ ಅಂತ ಹೇಳದೆ ಬೆಳಗಿನ ಬೆಳಕಿನಲ್ಲಿ ಅವರ ಕೈಗೆ ಕೊಡಿ, ಪಕ್ಕದಲ್ಲಿ ಒಂದು ಪೆನ್ನೂ ಇಡಿ. ಮಗಳನ್ನೂ ಕೂರಿಸಿಕೊಳ್ಳಿ. ಅವರು ಮತ್ತೆ ಕನ್ನಡಕ ತೆಗೆದಿಟ್ಟರೆ ನನಗೆ ಬರೆಯಿರಿ, ಆ ಪುಟವನ್ನೂ ಜೊತೆಗೆ ಕಳಿಸಿ.